ಕೋಡಿಯ ಕೊನೆಯ ಸಂದು

ಹೋದ ವಾರ ಕಡೂರಿನಿಂದ ಗಂಡ ಹೆಂಡತಿ ಇಬ್ಬರು ನಮ್ಮ ಮನೆ ನೋಡಲು ಬಂದಿದ್ದರು. ಕೆರೆ ಪಕ್ಕದಲ್ಲಿ ಸೈಟು ಹುಡುಕುತ್ತಿದ್ದಾರಂತೆ. ದಲ್ಲಾಳಿ ಅವರಿಗೆ ನಮ್ಮ ಮನೆಯನ್ನೇ ಮಾದರಿ ಎಂದು ಹೇಳಿ ಕಳಿಸಿದ್ದಾನೆ. ‘ಕೆರೆ ತುಂಬಿದ್ರೂ ಅವರ ಅಂಗಳಕ್ಕೆ ಒಂದು ಹನಿ ಬರಲ್ಲ, ಹೋಗಿ ನೋಡ್ಕೊಂಡ್ ಬನ್ನಿ’ ಎಂದಿದ್ದಾನೆ. ಕಾಫಿ ಕೊಟ್ಟು ಕೂರಿಸಿಕೊಂಡು ನಾನು ಹೇಳಿದ್ದು ಒಂದೇ ಮಾತು: “ಇಲ್ಲಿ ಬೇಡ. ಕಟ್ಟಲೇಬೇಕು ಅಂದ್ರೆ ಇನ್ನೂ ನೂರು ಹೆಜ್ಜೆ ಮೇಲಕ್ಕೆ ಹೋಗಿ.”

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಲೋಟದೊಳಗೆ ನೋಡುತ್ತಾ ಸಣ್ಣಗೆ ನಕ್ಕಳು. ಆ ನಗುವಿನ ಅರ್ಥ ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಈ ಯಜಮಾನ ಪಕ್ಕದ ಜಾಗ ತಾನೇ ಹೊಡೆಯೋಕೆ ನೋಡ್ತಿದಾನೆ’ ಎಂಬ ನಗು ಅದು. ಇದೇ ಜಾಗದಲ್ಲಿ ನಿಂತು, ಇದೇ ಮಾತು ಕೇಳಿ, ನಾನೂ ಹಾಗೆಯೇ ನಕ್ಕಿದ್ದೆ. ಬಾಯಲ್ಲಿ ಹೇಳಿದರೆ ಜನ ವ್ಯಾಪಾರ ಅಂದುಕೊಳ್ಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ತೆಂಗಿನಕಾಯಿ ವ್ಯಾಪಾರದವನು. ಬೇರೆಯವರ ತೋಟದಲ್ಲಿ ಕಾಯಿ ಸುಲಿಯುತ್ತಾ ಶುರು ಮಾಡಿದೆ, ಆಮೇಲೆ ಸೈಕಲ್ಲಿನ ಎರಡೂ ಕಡೆ ಚೀಲ ಕಟ್ಟಿ ಕಡೂರಿಗೆ ಸಾಗಿಸಿದೆ, ಕೊನೆಗೆ ಅಲ್ಲೇ ಒಂದು ಮಂಡಿಯ ಯಜಮಾನನಾದೆ. ಮರದ ಕೆಳಗೆ ನಿಂತು ಕತ್ತೆತ್ತಿದರೆ ಎಷ್ಟು ಕಾಯಿ ಇಳಿಯುತ್ತದೆ ಎಂದು ಹೇಳಬಲ್ಲೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನಿದೆ ಏನಿಲ್ಲ ಎಂದು ಹೇಳಬಲ್ಲೆ. ಎದುರಿಗಿದ್ದವನು ಬಾಯಿ ಬಿಟ್ಟ ಕೂಡಲೇ, ಇವನು ಹೇಳುತ್ತಿರುವುದರ ಹಿಂದೆ ಏನು ಬೇಡಿಕೆ ಇದೆ ಎಂದು ಹುಡುಕುವುದು ನನ್ನ ಕಿವಿಗೆ ಅಭ್ಯಾಸವಾಗಿ ಹೋಗಿತ್ತು. ಈ ಕಿವಿ ನನ್ನನ್ನು ಸಾಕಿತು. ಕೆರೆಯ ವಿಷಯದಲ್ಲಿ ಕೈ ಕೊಟ್ಟಿದ್ದೂ ಇದೇ.

ನನ್ನಾಕೆ ಲಕ್ಕವಳ್ಳಿಯವಳು. ಅವಳಪ್ಪ ಭದ್ರಾ ಡ್ಯಾಮಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಹಿಂದೆ ನಿಂತರೆ ನೀರು ಕಾಣುತ್ತಿತ್ತಂತೆ. ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷ ಮಂಡಿಯ ಹಿಂದಿನ ಮನೆಯಲ್ಲಿ, ಕಾಯಿ ಸಿಪ್ಪೆಯ ದೂಳಿನಲ್ಲಿ, ಅಡುಗೆಮನೆಯ ಕಿಟಕಿಯಿಂದ ಲಾರಿಯ ಹಿಂಬದಿ ನೋಡಿಕೊಂಡು ಸಾರು ಕುದಿಸಿದಳು. ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ. “ಕಡೇಗಾದ್ರೂ ನೀರು ಕಾಣೋ ಕಡೆ ಒಂದು ಕಿಟಕಿ ಇಡ್ಸಿ ಕಣ್ರೀ.”

ಜಾಗ ಸಿಕ್ಕಿದ್ದು ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ಕಡೆ. ಬುಕ್ಕಾಂಬುಧಿಯ ದೊಡ್ಡ ಕೆರೆಯಲ್ಲ, ಅದಕ್ಕಿಂತ ಈಚೆಗೆ ಒಂದು ಸಣ್ಣ ಊರಿನ ಕೆರೆ. ಮಾರುವವರು ಊರು ಬಿಟ್ಟು ತರೀಕೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ನಾನು ಬೇಕೆಂದೇ ಕೆರೆ ಒಣಗಿದ್ದ ಬೇಸಿಗೆಯಲ್ಲಿ ನನ್ನಾಕೆಯನ್ನೂ ಕರೆದುಕೊಂಡು ಜಾಗ ನೋಡಲು ಹೋದೆ. ಕೆರೆಯಂಗಳದ ತುಂಬಾ ಜಾಲಿ ಬೆಳೆದಿತ್ತು. “ಇದಕ್ಕೆ ಕೆರೆ ಅಂತ ಹೆಂಗೆ ಕರೀತೀರ್ರೀ? ಮುಳ್ಳಿನ ಕಾಡು,” ಎಂದು ಶುರು ಮಾಡಿ ಅವರನ್ನು ಎಲ್ಲಿಗೆ ಇಳಿಸಬೇಕೋ ಅಲ್ಲಿಗೆ ಇಳಿಸಿದೆ. ಗೆದ್ದೆ ಅಂದುಕೊಂಡೆ.

ಅವತ್ತೇ ಆ ಜಾಲಿಯ ನೆರಳಲ್ಲಿ ಒಬ್ಬರು ನಾಲ್ಕು ಆಡು ಬಿಟ್ಟುಕೊಂಡು ಕುಳಿತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಆಗ ಅವರನ್ನು ‘ನೀನು’ ಅಂದೆ. ನಮ್ಮ ಜನ ಅವರ ಕೇರಿಯವರನ್ನೆಲ್ಲ ಹಾಗೆ ಕರೆದೇ ರೂಢಿ. ಈಗ ಬರೆಯುವಾಗ ಏಕವಚನಕ್ಕೆ ಕೈ ಬರುವುದಿಲ್ಲ.

“ಏನಪ್ಪಾ, ಈ ಊರೋನಾ?”

“ಊಂ ಸ್ವಾಮಿ. ಕೆರೆ ನೀರುಗಂಟಿ.”

ನೀರುಗಂಟಿ ಅಂದರೆ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೆ ನೀರು ಹಂಚುವವರು. ಅವರಪ್ಪ, ಅವರಜ್ಜ ಎಲ್ಲರೂ ಅದೇ ಕೆಲಸದವರು.

“ಕೆರೇಲಿ ನೀರೇ ಇಲ್ಲ, ನೀನೇನು ಕಾಯ್ತೀಯ?”

“ಜಾಗ ಕಾಯ್ತೀನಿ. ನೀರು ಬಂದ್ರೆ ನಿಲ್ಲಾಕೆ ಜಾಗ ಬ್ಯಾಡ್ವಾ?” ಎಂದು ನಕ್ಕರು. ಆಮೇಲೆ ಮನೆಯ ಜಾಗಕ್ಕೆಂದು ನಾನು ನೆಟ್ಟಿದ್ದ ಗೂಟದ ಕಡೆ ಕೋಲು ತೋರಿಸಿ, “ಯಜಮಾನ್ರೇ, ಮನೆ ಅಂದ್ರೆ ಇನ್ನೂ ನೂರು ಹೆಜ್ಜೆ ಮ್ಯಾಲಕ್ಕೆ ಹೋಗ್ರಿ. ಸ್ವಾತಿ ಮಳೆ ಆದ್ಮೇಲೆ ನೀರು ಇಲ್ಲಿಗೆ ಬತ್ತದೆ,” ಎಂದರು.

ಮೇಲಿನ ಜಾಗ ಯಾರದು ಎಂದು ಕೇಳಿದೆ. ಅವರ ತಮ್ಮನದಂತೆ. ನನ್ನ ಕಿವಿಗೆ ಅಷ್ಟು ಸಾಕಾಯಿತು. ನನ್ನಾಕೆಯ ಕಡೆ ತಿರುಗಿ ನಕ್ಕೆ. “ನೋಡ್ದೇನೇ? ತಮ್ಮನ ಜಾಗ ಮಾರ್ಸೋಕೆ ನೀರಿನ ಕತೆ ಕಟ್ತಾನೆ.”

ಅವಳೂ ನಕ್ಕಳು. ಅವಳ ನಗುವಿಗೆ ಬೇರೆ ಕಾರಣ ಇತ್ತು. ಡ್ಯಾಮಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳನ್ನು ನೋಡಿ ಬೆಳೆದವಳು. “ನೀರಿಗೆ ಅಂತ ಒಂದು ಮಟ್ಟ ಇರತ್ತೆ ಕಣ್ರೀ. ಅದನ್ನ ದಾಟಿದ್ರೆ ಗೇಟು ತೆಗೀತಾರೆ. ಅಳೆದು ಕಟ್ಟಿದ್ರೆ ಮುಗೀತು,” ಎಂದಳು. ನಮಗಿಬ್ಬರಿಗೂ ಒಂದು ವಿಷಯ ಗೊತ್ತಿರಲಿಲ್ಲ. ಡ್ಯಾಮಿನ ಮಟ್ಟ ಅಂಕಿಯಲ್ಲಿರುತ್ತದೆ. ಹಳ್ಳಿಯ ಕೆರೆಯ ಮಟ್ಟ ಊರಿನವರ ಕೈಯಲ್ಲಿರುತ್ತದೆ.

ನಾನು ಕಾನೂನು ಮುರಿದು ಕಟ್ಟಿದೆ ಎಂದು ಯಾರೂ ಅಂದುಕೊಳ್ಳುವುದು ಬೇಡ. ಕೆರೆ ದಂಡೆಯಲ್ಲಿ ಮನೆ ಕಟ್ಟುವವರು ಏನು ಮಾಡಬೇಕು, ಏನು ಮಾಡಬಾರದು ಎಂದು ಒಂದು ಸಣ್ಣ ಪುಸ್ತಕ ಕಚೇರಿಯಲ್ಲಿ ಕೊಟ್ಟಿದ್ದರು. ಅದನ್ನು ನಾನು ಓದಿದಷ್ಟು ಕೊಟ್ಟವರೂ ಓದಿರಲಿಕ್ಕಿಲ್ಲ. ಅದರಲ್ಲಿದ್ದುದು ಎಲ್ಲವೂ ಒಳ್ಳೆಯ ಮಾತೇ. ಕಟ್ಟುವವರು ಈಗಲೂ ಕೇಳಿಸಿಕೊಳ್ಳಲಿ.

ನೀರು ಇವತ್ತು ನಿಂತಿರುವ ಜಾಗದಿಂದ ಅಳೆಯಬೇಡಿ, ತುಂಬಿದಾಗ ನಿಲ್ಲುವ ಜಾಗದಿಂದ ಅಳೆಯಿರಿ. ನಾನು ಹಾಗೆಯೇ ಅಳೆಸಿದೆ. ಸರ್ವೇಯರ್ ದುರ್ಬೀನು ಇಟ್ಟು ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ಹಾಸುಗಲ್ಲಿನ ಮಟ್ಟವನ್ನು ನನ್ನ ಜಮೀನಿಗೆ ತಂದು ಗೆರೆ ಎಳೆದ. ಅಲ್ಲಿಂದ ಪುಸ್ತಕ ಹೇಳಿದಷ್ಟು ಬಿಟ್ಟು, ನನ್ನ ಸಮಾಧಾನಕ್ಕೆ ಹತ್ತು ಹೆಜ್ಜೆ ಹೆಚ್ಚೇ ಬಿಟ್ಟು ಪಾಯ ತೋಡಿಸಿದೆ. ಮಣ್ಣು ತುಂಬಿಸಿ ಜಾಗ ಎತ್ತರಿಸಬಾರದು, ಎತ್ತರಿಸಲಿಲ್ಲ. ಪಕ್ಕದಲ್ಲಿ ಮಳೆನೀರು ಹರಿದು ಕೆರೆಗೆ ಸೇರುವ ಒಂದು ಕೊರಕಲು ಇತ್ತು. ಮೇಸ್ತ್ರಿ ಅದನ್ನು ಮುಚ್ಚಿದರೆ ಕಾರು ತಿರುಗಿಸಲು ಜಾಗ ಆಗುತ್ತದೆ ಎಂದ. ಬೈದು ಸುಮ್ಮನಿರಿಸಿದೆ. ಅಂಗಳಕ್ಕೆ ಸಿಮೆಂಟು ಹಾಕಿಸಲಿಲ್ಲ. ಕೆರೆ ಕಡೆಗೆ ಕಾಂಪೌಂಡು ಎತ್ತಲಿಲ್ಲ, ಲಾವಂಚ ನೆಡಿಸಿದೆ, ಹೊಂಗೆ ನೆಡಿಸಿದೆ. ಕಕ್ಕಸಿನ ಗುಂಡಿಯ ವಿಷಯದಲ್ಲಿ ವಾಸ್ತು ಹೇಳುವವರ ಜೊತೆ ಜಗಳವೇ ಆಯಿತು. ಅವರ ಪ್ರಕಾರ ಅದು ವಾಯವ್ಯದಲ್ಲಿರಬೇಕು. ನಮ್ಮ ವಾಯವ್ಯದಲ್ಲಿ ಇರುವುದು ಕೆರೆ. “ದೇವರಿಗೆ ನಾನು ಉತ್ತರ ಹೇಳ್ಕೋತೀನಿ,” ಎಂದು ಗುಂಡಿಯನ್ನು ಮೇಲುಗಡೆಗೆ, ರಸ್ತೆ ಪಕ್ಕಕ್ಕೆ ತೋಡಿಸಿದೆ.

ತಪ್ಪಿದ್ದು ಒಂದೇ ಕಡೆ. ಬಚ್ಚಲ ನೀರು, ಬಟ್ಟೆ ಒಗೆದ ನೀರು ‘ಸೋಪಿನ ನೀರು ತಾನೇ’ ಎಂದು ಕೆಳಗಡೆಗೆ ಬಿಟ್ಟೆ. ಗೆರೆಯಿಂದ ಸ್ವಲ್ಪ ಮೇಲೆ ಒಂದು ಇಂಗುಗುಂಡಿ, ಅದರ ಸುತ್ತ ಬಾಳೆ ಗಿಡ, ಪಕ್ಕದಲ್ಲಿ ಒಗೆಯುವ ಕಲ್ಲು. ಗೆರೆಯ ಮೇಲಿದ್ದುದರಿಂದ ಅದೂ ಕಾನೂನಿಗೆ ಸರಿಯಾಗಿಯೇ ಇತ್ತು.

ಮನೆ ಮುಗಿದ ಮೊದಲ ವರ್ಷಗಳಲ್ಲಿ ಕೆರೆ ಅರ್ಧಕ್ಕೆ ಬಂದು ಸುಮ್ಮನಾಗುತ್ತಿತ್ತು. ಆಮೇಲೆ ಒಂದು ವರ್ಷ ಆಶ್ಲೇಷದಿಂದಲೇ ಮಳೆ ಹಿಡಿಯಿತು. ಹಸ್ತದ ಹೊತ್ತಿಗೆ ಕೆರೆ ಕೋಡಿ ಬಿತ್ತು. ನನ್ನಾಕೆ ಊರಿನ ಹೆಂಗಸರ ಜೊತೆ ಹೋಗಿ ಬಾಗಿನ ಬಿಟ್ಟು ಬಂದಳು. ನೀರು ಸರ್ವೇಯರ್ ಎಳೆದ ಗೆರೆಗೆ ಬಂದು, ನಾನು ನೆಡಿಸಿದ್ದ ಕಲ್ಲಿನ ಬುಡ ಮುಟ್ಟಿ, ನಿಂತೇ ಬಿಟ್ಟಿತು. ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ. “ನೋಡ್ರೀ, ಅಳತೆ ಅಂದ್ರೆ ಇದು!” ಮಂಡಿಯ ಸ್ನೇಹಿತರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನನ್ನಾಕೆ ಕಿಟಕಿಯ ಮುಂದೆ ನಿಂತು ಹಾಲು ಉಕ್ಕಿಸಿದಳು. ಎರಡು ಸಲ ಉಕ್ಕಿಸಿದಳು, ನಾನು ಬೈಯಲಿಲ್ಲ.

ಸ್ವಾತಿ ಮಳೆ ಹಿಂದೆ ಸರಿದ ಮೇಲೆ ಒಂದು ಬೆಳಿಗ್ಗೆ ನೀರುಗಂಟಿ ಬಾಗಿಲಿಗೆ ಬಂದರು. ಹೆಗಲ ಮೇಲೆ ಗುದ್ದಲಿ.

“ಯಜಮಾನ್ರೇ, ನಾಳಿಕ್ಕೆ ಕೋಡಿ ಕಟ್ತೀವಿ. ನಿಮ್ಮನೆಯಿಂದ್ಲೂ ಒಂದಾಳು ಬರ್ಬೇಕು.”

“ನಮ್ಮನೆಯಿಂದ ಯಾಕಪ್ಪಾ?”

“ನೀವು ಜಮೀನು ತಗೊಂಡ್ರಲ್ಲ, ಅದ್ರ ಜೊತೆಗೆ ಒಂದು ಸಂದು ಬತ್ತದೆ. ಕಡೇ ಸಂದು ನಿಮ್ದು.”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ನಾನು ಕೇಳಿಸಿಕೊಂಡದ್ದು ಅರ್ಧ. ಪೂರ್ತಿ ತಿಳಿದದ್ದು ಆಮೇಲೆ. ಆ ಕೆರೆಯ ಕೋಡಿಯ ಮೇಲೆ, ಹಾಸುಗಲ್ಲಿನ ಉದ್ದಕ್ಕೂ, ಸೊಂಟದೆತ್ತರದ ಕಲ್ಲುಕಂಬಗಳನ್ನು ಸಾಲಾಗಿ ನೆಟ್ಟಿದ್ದಾರೆ. ಮಳೆಗಾಲದಲ್ಲಿ ಹೆಚ್ಚಿನ ನೀರು ಕಂಬಗಳ ಸಂದಿನಲ್ಲಿ ಹರಿದು ಹೋಗುತ್ತದೆ. ಮಳೆಯ ಜೋರು ಇಳಿದು, ಇನ್ನು ಏರಿಗೆ ಅಪಾಯವಿಲ್ಲ ಎಂದು ನೀರುಗಂಟಿ ಹೇಳಿದ ದಿನ, ಮನೆಗೊಬ್ಬರಂತೆ ಬಂದು ಆ ಸಂದುಗಳಿಗೆ ಹುಲ್ಲು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆ ಒತ್ತಿ ಮುಚ್ಚುತ್ತಾರೆ. ಒಂದೊಂದು ಸಂದು ಒಂದೊಂದು ಮನೆಯದು. ಮುಚ್ಚಿದ ಮೇಲೆ ಹಿಂಗಾರಿನ ಚೂರುಪಾರು ನೀರು ಸೇರಿ ಕೆರೆ ಇನ್ನೂ ಎರಡು ಅಡಿ ಏರುತ್ತದೆ. ಭತ್ತ ಹಾಲು ತುಂಬಿಕೊಳ್ಳುವ ಹೊತ್ತಿಗೆ ಅಚ್ಚುಕಟ್ಟಿನ ತುದಿಯ ಗದ್ದೆಗಳಿಗೆ ಹೋಗುವ ಕೊನೆಯ ನೀರು ಆ ಎರಡು ಅಡಿಯೇ. ನೀರುಗಂಟಿಯ ಸ್ವಂತ ಗದ್ದೆ ತುದಿಯಲ್ಲಿರುವುದು. ಎಲ್ಲರಿಗೂ ಬಿಟ್ಟು ಆಮೇಲೆ ತಾನು ತೆಗೆದುಕೊಳ್ಳಲಿ ಎಂದೇ ಹಿಂದಿನವರು ಅವರ ಮನೆತನಕ್ಕೆ ಕೊನೆಯ ಗದ್ದೆ ಕೊಟ್ಟಿದ್ದರಂತೆ.

ಅವತ್ತು ನಾನು ಹೇಳಿದ್ದಿಷ್ಟು: “ನಾನು ಕಂದಾಯ ಕಟ್ಟಿದೀನಿ, ಖಾತೆ ಮಾಡಿಸಿದೀನಿ. ಆ ಪತ್ರದಲ್ಲಿ ಸಂದು ಗಿಂದು ಅಂತ ಏನೂ ಬರ್ದಿಲ್ಲಪ್ಪ.”

“ಪತ್ರದಾಗೆ ಇರಲ್ಲ ಸ್ವಾಮಿ,” ಎಂದರು. ಗುದ್ದಲಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೋದರು.

ಮಾರನೆಯ ದಿನ ಕೋಡಿಯ ಕಡೆಯಿಂದ ಗುದ್ದಲಿಯ ಸದ್ದು, ಬೈಗುಳ, ನಗು ಎಲ್ಲ ಕೇಳಿಸಿತು. ಯಾರೋ ಯಾರಿಗೋ, “ಲೇ, ನಿನ್ನ ಸಂದು ಸೋರ್ತಾ ಐತೆ, ಹೆಂಡ್ತಿ ಕರ್ಕೊಂಡ್ ಬಂದು ಒತ್ಸೋ!” ಎಂದು ಕೂಗಿದ್ದು ನಮ್ಮ ಕಿಟಕಿಯವರೆಗೂ ಬಂತು. ನನ್ನಾಕೆ ನಕ್ಕಳು. ನಾನು ಪೇಪರ್ ಓದುತ್ತಿದ್ದೆ.

ವಾರದೊಳಗೆ ನೀರು ನನ್ನ ಕಲ್ಲನ್ನು ಮುಳುಗಿಸಿತು. ಲಾವಂಚದ ಸಾಲು ದಾಟಿತು. ಮನೆಗೇನೂ ಬರಲಿಲ್ಲ, ಆ ಸುಳ್ಳು ನಾನು ಹೇಳುವುದಿಲ್ಲ. ಮನೆ ಎತ್ತರದಲ್ಲೇ ಇತ್ತು. ಬಂದದ್ದು ಇಂಗುಗುಂಡಿಗೆ. ಗುಂಡಿ ಒಳಗಿನಿಂದ ತುಂಬಿಕೊಂಡು, ಮೂರು ವರ್ಷದ ಸೋಪು, ಜಿಡ್ಡು, ಕೂದಲು ಎಲ್ಲ ಮೇಲೆ ತೇಲಿ, ಬೂದು ನೊರೆಯಾಗಿ ಕೆರೆಗೆ ಇಳಿಯಿತು. ಒಗೆಯುವ ಕಲ್ಲು ನೀರಿನೊಳಗೆ. ಬಾಳೆಯ ಬುಡ ಕೊಳೆತು ವಾಸನೆ. ಅಡುಗೆಮನೆಯ ಕಿಟಕಿ ತೆರೆದರೆ ಮೊದಲು ಒಳಗೆ ಬರುತ್ತಿದ್ದುದು ಅದೇ ವಾಸನೆ. ನನ್ನಾಕೆ ಕಿಟಕಿ ಮುಚ್ಚಿದಳು. “ಡ್ಯಾಮಲ್ಲಿ ಹಿಂಗಾಗ್ತಿರ್ಲಿಲ್ಲ,” ಎಂದಳು. ನನಗೆ ಅದೇ ಚುಚ್ಚಿತು. ಅಷ್ಟು ಚೌಕಾಸಿ ಮಾಡಿ ಗೆದ್ದ ಕಿಟಕಿ ಅದು.

ಗುಂಡಿಯನ್ನು ಮೇಲಕ್ಕೆ ತೆಗೆದಿದ್ದರೆ ಮುಗಿಯುತ್ತಿತ್ತು. ಎರಡು ದಿನದ ಕೆಲಸ. ಬುದ್ಧಿ ಇರುವ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ನಾನು ಸರಿ ಇದ್ದೆನಲ್ಲ! ಗೆರೆ ನನ್ನದು ಸರಿ, ನೀರು ತಪ್ಪು ಜಾಗಕ್ಕೆ ಬಂದಿತ್ತು. ಸರಿ ಇರುವವನು ಯಾಕೆ ಗುಂಡಿ ತೋಡಬೇಕು?

ನೀರುಗಂಟಿಯ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ತೂಬಿನ ಕಬ್ಬಿಣದ ಸಲಾಕೆ ಒರಗಿಸಿಟ್ಟಿತ್ತು. ಕುರ್ಚಿ ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

“ಕೋಡಿ ಬಿಚ್ಚಿಸಪ್ಪ. ನನ್ನ ಜಾಗಕ್ಕೆ ನೀರು ಬರ್ತಿದೆ.”

“ನಿಮ್ ಜಾಗಕ್ಕಲ್ಲ ಯಜಮಾನ್ರೇ, ಅದ್ರ ಜಾಗಕ್ಕೆ ಅದು ಬಂದೈತೆ. ನಾನು ಅವತ್ತೇ ಅಂದಿದ್ನಲ್ಲ.”

“ಮುಕ್ಕಾಲು ಅಡಿಯಷ್ಟು ಇಳಿಸು. ನಾನೂ ಏನಾದ್ರೂ ಬಿಟ್ಕೊಡ್ತೀನಿ. ನಿನ್ನ ಗದ್ದೆಗೆ ನಾನೇ ಒಂದು ಬೋರು ತೆಗೆಸಿಕೊಡ್ಲಾ?”

“ನನ್ ಗದ್ದೆಗೆ ತೆಗೆಸ್ತೀರ. ನನ್ ಪಕ್ಕದೋರಿಗೆ? ಅವ್ರ ಪಕ್ಕದೋರಿಗೆ?” ಕೋಪವಿಲ್ಲದೆ ಕೇಳಿದರು. “ಇನ್ನೊಂದೇ ನೀರು ಸ್ವಾಮಿ. ಕಾಳು ಹಾಲುಗಟ್ಟೈತೆ. ಹದಿನೈದು ದಿನ ತಡ್ಕಳ್ರಿ. ಆ ನೀರು ಬಿಟ್ಟ ಮಾರ್ನೇ ದಿನ ನಾನೇ ಬಂದು ನಿಮ್ ಸಂದು ಬಿಚ್ತೀನಿ.”

ಹದಿನೈದು ದಿನ. ವ್ಯಾಪಾರದಲ್ಲಿ ನಾನು ಯಾರನ್ನೂ ಅವರು ಮೊದಲು ಹೇಳಿದ ಮಾತಿಗೆ ಬಿಟ್ಟವನಲ್ಲ. “ಐದು ದಿನ,” ಅಂದೆ. ಅವರು ನನ್ನ ಮುಖವನ್ನೇ ನೋಡಿದರು. “ಭತ್ತಕ್ಕೆ ಹೆಂಗೆ ಹೇಳ್ಲಿ?” ಎಂದರು. ಅವರು ತಮಾಷೆ ಮಾಡುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು.

ಮನೆಗೆ ಬಂದು ಆ ಸಣ್ಣ ಪುಸ್ತಕ ತೆಗೆದೆ. ಅದರಲ್ಲಿ ಒಂದು ಸಾಲಿತ್ತು: ಕೆರೆಯ ಕೋಡಿಗೆ ಯಾರೂ ಯಾವುದೇ ರೀತಿಯಲ್ಲಿ ಅಡ್ಡಿ ಮಾಡತಕ್ಕದ್ದಲ್ಲ. ನನ್ನಂಥವರು ಕೋಡಿಯ ಮೇಲೆ ಗೋಡೆ ಎಬ್ಬಿಸದಿರಲಿ ಎಂದು ಬರೆದ ಸಾಲು. ಅದರ ಕೆಳಗೆ ಕೆಂಪು ಗೆರೆ ಎಳೆದು, ನಕಲು ತೆಗೆಸಿ, ಅರ್ಜಿಯ ಜೊತೆ ಲಗತ್ತಿಸಿ ಕಚೇರಿಗೆ ಕೊಟ್ಟೆ. ಕೆರೆ ಮಲಿನವಾಗುತ್ತಿದೆ ಎಂದೂ ಸೇರಿಸಿದೆ. ಆ ಕೊಳೆ ನನ್ನ ಬಚ್ಚಲಿನದು ಎಂದು ಸೇರಿಸಲಿಲ್ಲ.

ಕಚೇರಿಯ ಎಂಜಿನಿಯರು ಮೂರನೆಯ ದಿನವೇ ಬಂದರು. ಅವರು ಇನ್ನೂ ಚಿಕ್ಕ ವಯಸ್ಸಿನವರು, ಕೆಟ್ಟವರೇನಲ್ಲ. ಪುಸ್ತಕದ ಸಾಲು ಓದಿದರು, ಕೋಡಿ ನೋಡಿದರು. “ನೀವು ಹೇಳೋದು ಕರೆಕ್ಟ್ ಸಾರ್. ಇದಕ್ಕೆ ಪರ್ಮಿಷನ್ ಇಲ್ಲ,” ಎಂದರು. ನೀರುಗಂಟಿಗೆ ಪಂಚಾಯಿತಿಯಿಂದ ಸಣ್ಣ ಸಂಬಳ ಬರುತ್ತಿತ್ತು, ಆದ್ದರಿಂದ ಬಿಚ್ಚುವ ಕೆಲಸವನ್ನು ಅವರಿಗೇ ಹೇಳಿದರು.

ನಾನು ಏರಿಯ ಮೇಲೆ ನಿಂತಿದ್ದೆ. ಊರಿನವರು ಹತ್ತಾರು ಜನ ಆಚೆ ನಿಂತಿದ್ದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಜಗಳ ನನಗೆ ಬರುತ್ತದೆ. ನೀರುಗಂಟಿ ಪಂಚೆ ಎತ್ತಿ ಕಟ್ಟಿಕೊಂಡು ನೀರಿಗೆ ಇಳಿದು, ಮೊದಲು ಕೊನೆಯ ಸಂದಿಗೆ ಹೋದರು. ಗುದ್ದಲಿ ಹಾಕುವ ಮುಂಚೆ ತಲೆ ಎತ್ತಿ ನನಗೆ ಹೇಳಿದರು:

“ಇದು ನಿಮ್ದು ಯಜಮಾನ್ರೇ. ನಿಮ್ಮನೆಯಿಂದ ಯಾರೂ ಬರ್ಲಿಲ್ಲ ಅಂತ ನಾನೇ ಕಟ್ಟಿದ್ದೆ. ಬಿಚ್ಲಾ?”

ನಾನು ಆಗ ‘ಬೇಡ’ ಎನ್ನಬಹುದಿತ್ತು. ಎಂಜಿನಿಯರು ನನ್ನ ಮುಖ ನೋಡುತ್ತಿದ್ದರು. ಊರು ನೋಡುತ್ತಿತ್ತು. ಒಂದೇ ಒಂದು ಮಾತು. ಆದರೆ ಕೊಟ್ಟ ಅರ್ಜಿಯಿಂದ ಎಲ್ಲರ ಎದುರಿಗೆ ಹಿಂದೆ ಸರಿಯುವುದನ್ನು ನನಗೆ ಯಾವ ಮಂಡಿಯೂ ಕಲಿಸಿರಲಿಲ್ಲ. “ರೂಲ್ಸು ಏನಿದೆಯೋ ಅದು ಮಾಡಪ್ಪ,” ಎಂದೆ.

ಹೆಂಟೆ ಒಂದೊಂದಾಗಿ ಕೆಳಗೆ ಉರುಳಿತು. ಎರಡು ದಿನಕ್ಕೆ ನೀರು ಇಳಿದು ನನ್ನ ಕಲ್ಲಿನ ಬುಡಕ್ಕೆ ಬಂದು ನಿಂತಿತು, ಹೇಳಿದ ಮಾತು ಕೇಳುವ ಆಳಿನ ಹಾಗೆ.

ತುದಿಯ ಗದ್ದೆಗಳಿಗೆ ಕೊನೆಯ ನೀರು ಹೋಗಲಿಲ್ಲ. ತೂಬಿನಿಂದ ಬಿಟ್ಟದ್ದು ನಡುವಿನ ಗದ್ದೆಗಳವರೆಗೆ ಹೋಗಿ ಇಂಗಿತು. ಒಂದು ತಿಂಗಳ ಮೇಲೆ, ನನಗೆ ನಾನೇ ‘ಸುಮ್ಮನೆ ಅಡ್ಡಾಡಲು’ ಎಂದು ಹೇಳಿಕೊಂಡು, ಅಲ್ಲಿಗೆ ಹೋದೆ. ದೂರದಿಂದ ನೋಡಿದರೆ ಬೆಳೆ ಚೆನ್ನಾಗಿಯೇ ಇತ್ತು. ತೆನೆಗಳೆಲ್ಲ ನೆಟ್ಟಗೆ ನಿಂತಿದ್ದವು. ನೆಟ್ಟಗೆ ನಿಂತ ತೆನೆ ಅಂದರೆ ಏನು ಎಂದು ನನಗೆ ಗೊತ್ತು. ಒಂದನ್ನು ಅಂಗೈಯಲ್ಲಿ ಉಜ್ಜಿ ಊದಿದೆ. ಎಲ್ಲವೂ ಹಾರಿಹೋಯಿತು, ಅಂಗೈಯಲ್ಲಿ ಎರಡೋ ಮೂರೋ ಕಾಳು ಉಳಿಯಿತು. ಅಲ್ಲಾಡಿಸಿದರೆ ಸದ್ದೇ ಬಾರದ ಕಾಯಿಯನ್ನು ಜೀವಮಾನವೆಲ್ಲ ಎತ್ತಿ ಪಕ್ಕಕ್ಕೆ ಎಸೆದವನು ನಾನು. ಆ ಗದ್ದೆಯನ್ನು ಎಲ್ಲಿಗೆ ಎಸೆಯಲಿ? ಮಾರನೆಯ ದಿನ ನೀರುಗಂಟಿ ಅದಕ್ಕೆ ಆಡು ಬಿಟ್ಟರು.

ಯಾರೂ ನನ್ನೊಡನೆ ಮಾತು ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು, ಮರ್ಯಾದೆ ಕೊಡಲು ಶುರು ಮಾಡಿದರು. ಮುಂಚೆ “ಏನ್ರೀ, ಊಟ ಆಯ್ತಾ?” ಎನ್ನುತ್ತಿದ್ದವರು “ನಮಸ್ಕಾರ ಸಾರ್” ಎನ್ನುತ್ತಾರೆ. ನನ್ನಾಕೆ ಹಬ್ಬಕ್ಕೆ ಕೊಟ್ಟು ಕಳಿಸಿದ ಒಬ್ಬಟ್ಟನ್ನು ಎಲ್ಲರೂ ಇಸಿದುಕೊಂಡರು. ಖಾಲಿ ಪಾತ್ರೆಯನ್ನು ತೊಳೆದು ವಾಪಸ್ ಕಳಿಸಿದರು. ನಮ್ಮ ಕಡೆ ಯಾರೂ ಬೇಕಾದವರ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಅವರೆಕಾಯಾದರೂ ಹಾಕುತ್ತಾರೆ. ಅವಳು ಆ ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲೆ ಎಷ್ಟೋ ದಿನ ಹಾಗೇ ಇಟ್ಟಿದ್ದಳು.

ಬೇಸಿಗೆಯಲ್ಲಿ ನಾನು ಇಂಗುಗುಂಡಿ ಮುಚ್ಚಿಸಿದೆ. ಬಚ್ಚಲ ನೀರನ್ನು ಕೊಳವೆಯಲ್ಲಿ ಮೇಲುಗಡೆಗೆ ತಿರುಗಿಸಿದೆ. ಒಗೆಯುವ ಕಲ್ಲು ಕೀಳಿಸಿದೆ. ಎರಡು ದಿನದ ಕೆಲಸ ಎಂದೆನಲ್ಲ, ಒಂದೂವರೆ ದಿನಕ್ಕೇ ಮುಗಿಯಿತು. ಆಮೇಲೆ ಕಚೇರಿಗೆ ಹೋಗಿ, ನನ್ನ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ, ಕೋಡಿ ಕಟ್ಟಲು ನನ್ನದೇನೂ ತಕರಾರಿಲ್ಲ ಎಂದು ಬರೆದುಕೊಟ್ಟೆ.

ಎಂಜಿನಿಯರು ಪಾಪ, ಕುರ್ಚಿ ಎಳೆದು ಕೂರಿಸಿದರು. “ಅರ್ಜಿ ವಾಪಸ್ ತಗೋಬಹುದು ಸಾರ್. ಆದ್ರೆ ಫೈಲಲ್ಲಿ ಕೋಡಿಗೆ ಅಡ್ಡಿ ಅಂತ ರೆಕಾರ್ಡ್ ಆಗ್ಬಿಟ್ಟಿದೆ. ಮುಂಚೆ ನಮಗೆ ಗೊತ್ತೇ ಇರ್ಲಿಲ್ಲ, ಅವರ ಪಾಡಿಗೆ ಅವರು ಮಾಡ್ಕೋತಿದ್ರು. ಈಗ ಗೊತ್ತಿದ್ದೂ ಬಿಟ್ರೆ ನಾಳೆ ಏರಿಗೆ ಏನಾದ್ರೂ ಆದ್ರೆ ಯಾರು ಹೊಣೆ?”

“ನಾನೇ ಹೊಣೆ ಅಂತ ಬರ್ಕೊಡ್ತೀನಿ.”

“ನಿಮಗೆ ಆ ಅಧಿಕಾರ ಇಲ್ವಲ್ಲ ಸಾರ್.”

ನನ್ನ ಜೀವನದಲ್ಲಿ ಬೆಲೆಯೇ ಹೇಳದ ಎದುರಾಳಿ ಸಿಕ್ಕಿದ್ದು ಅದೇ ಮೊದಲು.

ಮುಂದಿನ ಮಳೆಗಾಲವೂ ಚೆನ್ನಾಗಿಯೇ ಆಯಿತು. ಕೆರೆ ಮತ್ತೆ ತುಂಬಿ ಕೋಡಿ ಹರಿಯಿತು. ಸ್ವಾತಿ ಮುಗಿಯಿತು. ಯಾರೂ ಬಾಗಿಲಿಗೆ ಬರಲಿಲ್ಲ. ನಾನೇ ಹೋದೆ. ಈ ಸಲ ಕುರ್ಚಿ ಕೊಡುವ ಮುಂಚೆ ಜಗಲಿಯ ಮೇಲೆ ಕುಳಿತೆ.

“ಯಾವತ್ತು ಕಟ್ತೀರಿ?” ಎಂದು ಕೇಳಿದೆ. ಬಹುವಚನ ತಾನಾಗಿಯೇ ಬಂತು. ಅವರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯದು.

“ಏನನ್ನ ಸ್ವಾಮಿ?”

“ಕೋಡಿ. ಇಂಗುಗುಂಡಿ ಮುಚ್ಚಿಸಿದೀನಿ. ನೀರು ಬರ್ಲಿ. ನನ್ನ ಮೆಟ್ಲಿಗೇ ಬರ್ಲಿ.”

“ನಾನು ಪಂಚಾಯ್ತಿ ಸಂಬಳದೋನು. ಮುಟ್ಟಂಗಿಲ್ಲ ಅಂತ ಸೈನ್ ಹಾಕ್ಸವ್ರೆ.” ಬೀಡಿ ಹಚ್ಚಿಕೊಂಡರು. “ಮುಟ್ಟೋದಾದ್ರೂ ಏನಕ್ಕೆ? ಈ ವರ್ಷ ತುದೀಲಿ ಯಾರೂ ಭತ್ತ ಹಾಕಿಲ್ಲ. ಕೊನೇ ನೀರು ಬತ್ತದೋ ಇಲ್ವೋ ಅಂತ ನಂಬ್ಕೆ ಇಲ್ದಿದ್ಮ್ಯಾಲೆ ನಾಟಿ ಯಾರು ಮಾಡ್ತಾರೆ? ನಾನೂ ಹುರುಳಿ ಚೆಲ್ಲಿದೀನಿ. ಇಬ್ರು ಸೈಟು ಮಾಡಾಕೆ ಕೊಟ್ಬಿಟ್ರು.”

ಆ ಸೈಟುಗಳನ್ನೂ ಕೆರೆ ಪಕ್ಕದ ಜಾಗಗಳನ್ನೂ ಮಾರುತ್ತಿರುವ ದಲ್ಲಾಳಿಯೇ ನಮ್ಮ ಮನೆಯನ್ನು ಮಾದರಿಯಾಗಿ ತೋರಿಸುವವನು.

“ಮುಂದಿನ್ ವರ್ಷಕ್ಕಾದ್ರೂ ನಂಬ್ಕೆ ಬರ್ಬೇಕಲ್ಲ. ಒಂದು ಸಲ ಕಟ್ಟಿದ್ರೆ ನೋಡ್ತಾರೆ,” ಎಂದೆ. “ನೀವು ಮುಟ್ಟಬೇಡಿ. ನಾನು ಸಂಬಳದೋನಲ್ಲ. ನಾನು ಕಟ್ತೀನಿ.”

ಅವರು ಹೊಗೆ ಬಿಟ್ಟು ನಕ್ಕರು, ಕುಹಕವಿಲ್ಲದ ನಗು. “ಕಟ್ರಿ,” ಎಂದರು.

ಮಾರನೆಯ ಬೆಳಿಗ್ಗೆ ಗುದ್ದಲಿ, ಬಾಂಡ್ಲಿ ತೆಗೆದುಕೊಂಡು ಒಬ್ಬನೇ ಹೋದೆ. ಊರಿನಲ್ಲಿ ನಾಲ್ಕು ಜನರನ್ನು ಕೂಲಿಗೆ ಕರೆದಿದ್ದೆ. “ಅದು ಕೂಲಿ ಕೆಲ್ಸ ಅಲ್ಲ ಸಾರ್,” ಎಂದು ಹೇಳಿ ಕಳಿಸಿದ್ದರು. ಸುಲಿದೂ ಸುಲಿದೂ ಗಟ್ಟಿಯಾದ ತೋಳು ನನ್ನದು ಎಂಬ ನಂಬಿಕೆ ಇತ್ತು. ಏರಿಯ ಆಚೆಯಿಂದ ಹುಲ್ಲಿನ ಹೆಂಟೆ ಕತ್ತರಿಸಿ ತಂದು, ಕೊನೆಯ ಸಂದಿಗೆ ಒಂದರ ಮೇಲೊಂದು ಒತ್ತಿದೆ. ಕಾಲಲ್ಲಿ ತುಳಿದೆ. ನಿಂತಿತು. ಅದರ ಪಕ್ಕದ ಸಂದಿಗೆ ಹೋದೆ. ಅಲ್ಲಿ ನೀರು ಮುಂಚಿಗಿಂತ ಜೋರಾಗಿತ್ತು. ನಾನು ಒಂದನ್ನು ಮುಚ್ಚಿದ್ದಕ್ಕೆ ಅದರ ಪಾಲಿನ ನೀರೂ ಇಲ್ಲಿಗೆ ಬಂದಿತ್ತು. ಇಟ್ಟ ಹೆಂಟೆ ಕೈ ತೆಗೆಯುವಷ್ಟರಲ್ಲಿ ಕೊಚ್ಚಿ ಹೋಯಿತು. ಇನ್ನೊಂದು ಇಟ್ಟೆ. ಅದೂ ಹೋಯಿತು. ಆಗ ತಿಳಿಯಿತು, ಮನೆಗೊಬ್ಬರು ಯಾಕೆ ಬರಬೇಕು ಎಂದು. ಎಲ್ಲರೂ ಒಂದೇ ಸಲಕ್ಕೆ ಬಗ್ಗಿ, ಎಲ್ಲ ಸಂದುಗಳನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ನೀರು ನಿಲ್ಲುತ್ತದೆ.

ನೀರುಗಂಟಿ ಆಡು ಹೊಡೆದುಕೊಂಡು ಏರಿಯ ಮೇಲೆ ಬಂದವರು ನಿಂತು ನೋಡಿದರು. ಕೆಳಗೆ ಇಳಿಯಲಿಲ್ಲ.

“ಒಬ್ರ ಕೈಲಿ ಆಗೋದಲ್ಲ ಅದು. ಮ್ಯಾಲಕ್ಕೆ ಬನ್ರಿ, ಕಾಲು ಜಾರೀತು.”

“ನನ್ನ ಸಂದು ಹೆಂಗಿದೆ ನೋಡಿ,” ಎಂದು ಕೂಗಿದೆ.

ಅವರು ಹಣೆಗೆ ಕೈ ಅಡ್ಡ ಹಿಡಿದು, ನಿಧಾನವಾಗಿ, ಕೆಲಸ ಬಲ್ಲವರು ನೋಡುವ ಹಾಗೆ ನೋಡಿದರು.

“ಚೆನ್ನಾಗೇ ಒತ್ತಿದೀರ. ಸೋರ್ತಾ ಇಲ್ಲ,” ಎಂದು ಹೇಳಿ ಆಡುಗಳ ಹಿಂದೆ ಹೋದರು.

ನಾನು ಮೊಳಕಾಲುದ್ದ ನೀರಿನಲ್ಲಿ ನಿಂತೇ ಇದ್ದೆ. ನನ್ನ ಸಂದಿನಲ್ಲಿ ಒಂದು ಹನಿ ಹರಿಯುತ್ತಿರಲಿಲ್ಲ. ಪಕ್ಕದ ಸಂದಿನಿಂದ ಆ ತುದಿಯವರೆಗೂ ತುದಿಯ ಗದ್ದೆಗಳ ನೀರು ಹಾಸುಗಲ್ಲಿನ ಮೇಲೆ ಜಾರಿ, ಹಳ್ಳಕ್ಕೆ ಇಳಿದು, ಯಾರ ಗದ್ದೆಯೂ ಇಲ್ಲದ ಕಡೆಗೆ ಹೋಗುತ್ತಿತ್ತು.